ಚುಕ್ಕೆ ಇಡುವ ಜಾಗ

ಜನವರಿ ಅರ್ಧ ಕಳೆದಿದೆ. ಸಾಗರ ತಾಲ್ಲೂಕಿನ ಪಶ್ಚಿಮದಂಚಿನ ಶರಾವತಿ ಸೀಮೆ. ಅಡಿಕೆ ತೋಟದ ಬೇಲಿ ದಾಟಿ ಸೊಪ್ಪಿನಬೆಟ್ಟ ಹತ್ತುವ ಮೊದಲು ನೀವು ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿ, ಮೇಲೆ ಗಮ್‌ಬೂಟು ಏರಿಸುತ್ತೀರಿ. ಆಶಾ ಕಾರ್ಯಕರ್ತೆ ಚೀಲದಿಂದ ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಡೆಪಾ ಎಣ್ಣೆಯ ಬಾಟಲಿ ತೆಗೆದು ನಿಮ್ಮ ಕೈಗೆ ಕೊಡುತ್ತಾರೆ.

"ಮೊಣಕೈವರೆಗೂ ಹಚ್ಕೊಳ್ಳಿ. ಕುತ್ತಿಗೆ ಹಿಂದುಗಡೆ ಬಿಡಬೇಡಿ. ಸಂಜೆ ಮನೆಗೆ ಹೋದ್ಮೇಲೆ ಬಿಸಿನೀರಲ್ಲಿ ಮಿಂದು, ಈ ಬಟ್ಟೆನೂ ಬಿಸಿನೀರಿಗೇ ಹಾಕಿ."

ಕಾಲಡಿಯಲ್ಲಿ ದರಕು ಚರಚರ ಎನ್ನುತ್ತದೆ. ಈ ಒಣ ಎಲೆಯನ್ನೇ ಊರವರು ಹೆಡಿಗೆಯಲ್ಲಿ ತುಂಬಿ ಕೊಟ್ಟಿಗೆಗೆ ಹಾಸುವುದು. ಅದೇ ಗೊಬ್ಬರವಾಗಿ ತೋಟಕ್ಕೆ ಹೋಗುವುದು. ಇದೇ ಎಲೆಯ ಅಡಿಯಲ್ಲಿ, ಹುಲ್ಲಿನ ತುದಿಯಲ್ಲಿ, ಯಾವುದಾದರೂ ಬಿಸಿ ಮೈ ಹಾದುಹೋಗಲಿ ಎಂದು ಉಣುಗಿನ ಮರಿಗಳು ಕಾದಿರುತ್ತವೆ. ಎಳ್ಳಿನ ಕಾಳಿಗಿಂತ ದೊಡ್ಡದಿಲ್ಲ. ಮೈಮೇಲೆ ಹತ್ತಿದ್ದು ಗೊತ್ತಾಗುವುದಿಲ್ಲ, ಕಚ್ಚಿದ್ದೂ ಎಷ್ಟೋ ಸಲ ಗೊತ್ತಾಗುವುದಿಲ್ಲ.

ದಾರಿ ತೋರಿಸುತ್ತಿರುವ ರೈತ ಹತ್ತು ಮಾರು ದೂರದಲ್ಲೇ ನಿಂತುಬಿಡುತ್ತಾರೆ. ಹೊನ್ನೆ ಮರದ ಬುಡದಲ್ಲಿ ಒಂದು ಮುಸಿಯ ಬಿದ್ದಿದೆ. ಉದ್ದ ಬಾಲ, ಕಪ್ಪು ಮುಖ, ಬೂದುಬಣ್ಣದ ಮೈ. ಗಾಯದ ಗುರುತಿಲ್ಲ. ನಾಯಿ ಮುಟ್ಟಿಲ್ಲ, ವಿದ್ಯುತ್ ತಂತಿ ಹತ್ತಿರದಲ್ಲಿಲ್ಲ.

"ಯಾವಾಗ ನೋಡಿದ್ದು ಅಣ್ಣ?"

"ಇವತ್ತು ಬೆಳಿಗ್ಗೆ. ನಿನ್ನೆ ಸಂಜೆಗೂ ಇತ್ತೇನೋ, ನಾಯಿ ಇತ್ಲಾಗೆ ಮುಖ ಮಾಡಿ ಬೊಗಳ್ತಿತ್ತು. ಮುಟ್ಟಲಿಲ್ಲ ಮಾರಾಯ್ತಿ, ದೂರದಿಂದ್ಲೇ ನೋಡಿ ನಿಮಗೆ ಫೋನ್ ಮಾಡ್ದೆ."

"ಬೇರೆ ಎಲ್ಲಾದ್ರೂ ಬಿದ್ದಿದ್ದಾವಾ?"

"ಆಚೆ ಹಕ್ಕಲಲ್ಲಿ ವಾಸನೆ ಬರ್ತಿತ್ತು ಅಂತ ನಮ್ಮನೆ ಆಳು ಹೇಳ್ದ. ಹೋಗಿ ನೋಡಿಲ್ಲ."

ಆರೋಗ್ಯ ನಿರೀಕ್ಷಕರು ಮೊಬೈಲ್ ಹಿಡಿದು ಜಿಪಿಎಸ್ ಅಂಕಿ ನೋಡುತ್ತಾರೆ. ಉತ್ತರಕ್ಕೆ 14 ಡಿಗ್ರಿ ಚಿಲ್ಲರೆ, ಪೂರ್ವಕ್ಕೆ 74 ಡಿಗ್ರಿ ಚಿಲ್ಲರೆ. ಪುಸ್ತಕದಲ್ಲಿ ಬರೆದುಕೊಂಡು, ಇನ್ನೊಮ್ಮೆ ನೋಡಿ ಸರಿಯಿದೆಯೇ ಎಂದು ತಾಳೆ ಹಾಕುತ್ತಾರೆ. ಶಿವಮೊಗ್ಗದ ಕಚೇರಿಯ ನಕ್ಷೆಯಲ್ಲಿ ನಾಳೆ ಮೂಡುವ ಚುಕ್ಕೆ ಹುಟ್ಟುವುದು ಇಲ್ಲಿ, ಈ ಮರದ ಬುಡದಲ್ಲಿ. ನಾಲ್ಕು ಮೈಲಿ ಆಚೆಯ ಕಾಡಿನಲ್ಲಿ ಇಂಥದೇ ಮಂಗ ಸತ್ತು ಬಿದ್ದಿದ್ದು, ಯಾರ ಕಣ್ಣಿಗೂ ಬೀಳದಿದ್ದರೆ ನಕ್ಷೆಯಲ್ಲಿ ಆ ಜಾಗ ಖಾಲಿ. ಮಂಗನ ಕಾಯಿಲೆಯ ಯಾವ ನಕ್ಷೆ ಕೈಗೆ ಬಂದರೂ ಮೊದಲು ನೆನಪಿಡಬೇಕಾದ್ದು ಇದು: ಖಾಲಿ ಇರುವ ಜಾಗದಲ್ಲಿ ಕಾಯಿಲೆ ಇಲ್ಲ ಎಂದು ನಕ್ಷೆ ಹೇಳುತ್ತಿಲ್ಲ. ಅಲ್ಲಿಂದ ಯಾರೂ ಫೋನ್ ಮಾಡಿಲ್ಲ ಎಂದಷ್ಟೇ ಹೇಳುತ್ತಿದೆ.

ಪಶುವೈದ್ಯರು ಬರುತ್ತಾರೆ. ಮೈತುಂಬ ಬಿಳಿ ಕವಚ, ಎರಡು ಜೊತೆ ಕೈಗವಸು, ಮುಖಕ್ಕೆ ಮರೆ. ನಿಮ್ಮನ್ನು ಇನ್ನೂ ಹಿಂದಕ್ಕೆ ಸರಿಯಲು ಹೇಳುತ್ತಾರೆ. ಪ್ರಾಣ ಹೋಗಿ ಮೈ ತಣ್ಣಗಾದಂತೆ ಮಂಗನ ಮೇಲಿದ್ದ ಉಣುಗುಗಳು ಇಳಿದು ಸುತ್ತಲಿನ ನೆಲಕ್ಕೆ ಹರಡುತ್ತವೆ. ಅವುಗಳ ಹೊಟ್ಟೆಯಲ್ಲಿರುವುದು ವೈರಸ್ ತುಂಬಿದ ರಕ್ತ. ಹಾಗಾಗಿ ಸತ್ತ ಮಂಗಕ್ಕಿಂತ ಅದು ಸತ್ತ ಜಾಗ ಹೆಚ್ಚು ಅಪಾಯದ್ದು. ವೈದ್ಯರು ಅಂಗಾಂಶದ ತುಣುಕುಗಳನ್ನು ಕೊಯ್ದು ಸೀಸೆಗೆ ಹಾಕಿ, ಸೀಸೆಯನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಡುತ್ತಾರೆ. ಉಳಿದ ದೇಹವನ್ನು ಅಲ್ಲೇ ಸೌದೆ ಒಟ್ಟಿ ಸುಡುತ್ತಾರೆ. ಸುತ್ತ ಮೆಲಾಥಿಯಾನ್ ಪುಡಿ ಎರಚುತ್ತಾರೆ. ಸ್ವಲ್ಪ ಆಚೆ ಇಬ್ಬರು ಸಿಬ್ಬಂದಿ ಬಿಳಿ ಬಟ್ಟೆಯೊಂದನ್ನು ನೆಲದ ಮೇಲೆ ನಿಧಾನ ಎಳೆದುಕೊಂಡು ಹೋಗಿ, ನಿಂತು, ತಿರುಗಿಸಿ ನೋಡುತ್ತಾರೆ. ಬಟ್ಟೆಯ ಮೇಲೆ ಕಂದು ಚುಕ್ಕೆಗಳು ಹರಿದಾಡುತ್ತಿವೆ. ಚಿಮಟಿಗೆಯಿಂದ ಒಂದೊಂದನ್ನೇ ಹಿಡಿದು ಸೀಸೆಗೆ ಹಾಕುತ್ತಾರೆ. ಎಂಟು ಕಾಲಿನ ಈ ಜೀವಿ ಸೊಳ್ಳೆಯ ಬಳಗವಲ್ಲ, ಜೇಡದ ಬಳಗ. ಹಾರುವುದಿಲ್ಲ, ನೆಗೆಯುವುದಿಲ್ಲ. ತಾನಾಗಿ ಕೆಲವೇ ಮಾರು ಹೋಗಬಲ್ಲದು. ಅದನ್ನು ದೂರ ಒಯ್ಯುವುದು ದನ, ಇಲಿ, ಹೆಗ್ಗಣ, ಹಕ್ಕಿ, ಮಂಗ, ಮತ್ತು ಹೆಡಿಗೆ ಹೊತ್ತ ಮನುಷ್ಯ.

ಮಂಗನ ಕಾಯಿಲೆಗೆ ಊರಿನ ಹೆಸರು ಕೊಟ್ಟ ಕ್ಯಾಸನೂರು ಇಲ್ಲಿಂದ ಬಹಳ ದೂರವಿಲ್ಲ. ಪಕ್ಕದ ಸೊರಬ ತಾಲ್ಲೂಕು.

ಈಗ ಆ ಕಾಡಿನೊಳಗೆ ಬನ್ನಿ, ವರ್ಷ 1957. ಇದು ಇನ್ನೂ ಮೈಸೂರು ರಾಜ್ಯ. ಕಾಡಂಚಿನ ಹಳ್ಳಿಗಳಲ್ಲಿ ಜನ ಜ್ವರ ಹತ್ತಿ ಮಲಗಿದ್ದಾರೆ. ವಿಷಮಶೀತ ಜ್ವರವಿರಬೇಕು ಎಂಬ ಮೊದಲ ಊಹೆ ಹೊಂದುತ್ತಿಲ್ಲ. ಇದ್ದಕ್ಕಿದ್ದಂತೆ ಏರುವ ಜ್ವರ, ತಲೆ ಸಿಡಿಯುವ ನೋವು, ಸೊಂಟ ಮೀನಖಂಡ ಹಿಂಡುವ ನೋವು, ಕೆಂಪಾದ ಕಣ್ಣು. ಕೆಲವರಿಗೆ ಮೂಗಿನಲ್ಲಿ, ಒಸಡಿನಲ್ಲಿ ರಕ್ತ. ಜೊತೆಗೆ ಊರವರು ಇನ್ನೊಂದು ಮಾತು ಹೇಳುತ್ತಿದ್ದಾರೆ: ಕಾಡಿನಲ್ಲಿ ಮಂಗಗಳು ಸಾಯುತ್ತಿವೆ.

ಈ ಮಾತನ್ನು ಕೇಳಿದವರಿಗೆ ನಡುಕ ಹುಟ್ಟಿದ್ದಕ್ಕೆ ಕಾರಣವಿತ್ತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗ ಸತ್ತರೆ ಪೀತಜ್ವರ ಬಂತೆಂದು ಲೆಕ್ಕ. ಭಾರತದಲ್ಲಿ ಪೀತಜ್ವರ ಇರಲಿಲ್ಲ, ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ಬೇಕಾದಷ್ಟಿತ್ತು. ಪುಣೆಯಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ 1952ರಲ್ಲಿ ಶುರುವಾಗಿದ್ದ ವೈರಸ್ ಸಂಶೋಧನಾ ಕೇಂದ್ರದಿಂದ ತಂಡ ಬಂತು. ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಈ ಕೆಲಸದ ಮುಂಚೂಣಿಯಲ್ಲಿದ್ದವರು. ಕೀಟಶಾಸ್ತ್ರದ ಕಡೆಯಿಂದ ಟಿ. ರಾಮಚಂದ್ರ ರಾವ್, ಪಿ.ಕೆ. ರಾಜಗೋಪಾಲನ್ ಅವರಂಥವರು ಮುಂದೆ ವರ್ಷಗಟ್ಟಲೆ ಈ ಕಾಡಿನ ಉಣುಗಿನ ಹಿಂದೆ ಬಿದ್ದರು. ಕಾಯಿಲೆ ಬಿದ್ದ ಮುಸಿಯದಿಂದ ವೈರಸ್ ಸಿಕ್ಕಿತು. ಅದು ಪೀತಜ್ವರದ್ದಲ್ಲ, ಸೈಬೀರಿಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಜ್ವರದ ವೈರಸ್ಸಿಗೆ ಹತ್ತಿರದ ಸಂಬಂಧಿ. ಹುಡುಕಾಟ ಸೊಳ್ಳೆಯನ್ನು ಬಿಟ್ಟು ಉಣುಗಿನ ಕಡೆ ತಿರುಗಿತು. ಹೀಮಾಫೈಸಾಲಿಸ್ ಸ್ಪೈನಿಜೆರಾ ಎಂಬ ಜಾತಿ ಮುಖ್ಯ ವಾಹಕವೆಂದು ಗೊತ್ತಾಯಿತು.

ಸೈಬೀರಿಯಾದ ವೈರಸ್ಸಿನ ಬಂಧು ಮಲೆನಾಡಿಗೆ ಬಂದದ್ದು ಹೇಗೆ? ವಲಸೆ ಹಕ್ಕಿಗಳು ತಂದಿರಬಹುದೇ ಎಂಬ ಪ್ರಶ್ನೆ ಎದ್ದಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಲೀಂ ಅಲಿ ಅವರ ಮುಂದಾಳ್ತನದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಜಾಡು ಹಿಡಿಯುವ ದೊಡ್ಡ ಕೆಲಸಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ಆದರೆ ನಮ್ಮ ವಲಸೆ ಹಕ್ಕಿಗಳ ದಾರಿಯ ಎಷ್ಟೋ ತಿಳಿವಳಿಕೆ ಸೊರಬದ ಸತ್ತ ಮಂಗಗಳಿಂದ ಶುರುವಾದ ಕೆಲಸದ ಫಲ ಎಂಬುದನ್ನು ನೆನೆಯಬೇಕು.

1957ರ ಆ ಕಾಡಿನಲ್ಲಿ ನಿಂತಾಗ ಕಾಣುವ ಇನ್ನೊಂದು ಸಂಗತಿಯೇ ನನಗೆ ಹೆಚ್ಚು ಮುಖ್ಯ. ಸುತ್ತ ನೋಡಿ. ಇದು ದಟ್ಟ, ಮುಗಿಲು ಮುಟ್ಟುವ ಕಾಡಲ್ಲ. ಕಾಡಿನ ನಡುವೆ ಗದ್ದೆ, ಗದ್ದೆಯ ಅಂಚಿಗೆ ತೋಟ, ತೋಟದ ಮೇಲೆ ಬೆಟ್ಟ, ಬೆಟ್ಟದಲ್ಲಿ ಮೇಯುವ ದನ. ದೊಡ್ಡ ಉಣುಗು ರಕ್ತ ಹೀರುವುದು ದನದ ಮೈಯಲ್ಲಿ. ದನಕ್ಕೆ ಕಾಯಿಲೆ ಬರುವುದಿಲ್ಲ, ಆದರೆ ಉಣುಗಿನ ಸಂತತಿ ಬೆಳೆಯುತ್ತದೆ. ಅದು ಮಳೆಗಾಲದ ಕೆಲಸ. ಮಳೆ ನಿಂತ ಮೇಲೆ ಮೊಟ್ಟೆಯೊಡೆದ ಮರಿಗಳು ಇಲಿ, ಹಕ್ಕಿ, ಮಂಗಗಳನ್ನು ಹಿಡಿಯುತ್ತವೆ. ಡಿಸೆಂಬರ್ ಹೊತ್ತಿಗೆ ಎರಡನೆಯ ಹಂತಕ್ಕೆ ಬಂದು ಮೇ ತನಕ ಮನುಷ್ಯರನ್ನೂ ಕಾಡುತ್ತವೆ. ದರಕು ಗುಡಿಸುವ, ಸೌದೆ ತರುವ, ಗೇರು ಕೊಯ್ಯುವ ಕಾಲವೂ ಅದೇ. ಕಾಡು ಕಡಿದು ಗದ್ದೆ ಮಾಡಿದ್ದು, ದನ ಹೆಚ್ಚಿದ್ದು ಇವೆಲ್ಲ ಕಾಯಿಲೆಗೆ ದಾರಿ ಮಾಡಿಕೊಟ್ಟವು ಎಂದು ಸಂಶೋಧಕ ಹೊರ್ಹೆ ಬೊಶೆಲ್ 1969ರಲ್ಲೇ ಬರೆದರು. ಬೆಳ್ತಂಗಡಿ ತಾಲ್ಲೂಕಿನಲ್ಲಿ 1982-83ರಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದ ಮೇಲೆ ಎದ್ದ ಭಾರಿ ಹಾವಳಿ ಆ ಮಾತಿಗೆ ಬಲ ಕೊಟ್ಟಿತು.

ಮರಳಿ ಸಾಗರದ ಹಳ್ಳಿಗೆ. ಮಧ್ಯಾಹ್ನ ಎರಡು ಗಂಟೆ. ಹೆಂಚಿನ ಮನೆಯ ಜಗಲಿಯಲ್ಲಿ ಕಂಬಳಿ ಹೊದ್ದು ಕೂತ ಐವತ್ತರ ಆಸುಪಾಸಿನ ಹೆಂಗಸಿಗೆ ನಾಲ್ಕು ದಿನದಿಂದ ಜ್ವರ. ಪ್ರಾಥಮಿಕ ಆರೋಗ್ಯ ಕೇಂದ್ರದವರು ರಕ್ತದ ಮಾದರಿ ತೆಗೆದಾಗಿದೆ. ಆಶಾ ಕಾರ್ಯಕರ್ತೆ ಹತ್ತಿರ ಕೂತು ಕೇಳುತ್ತಾರೆ.

"ಅಕ್ಕಾ, ಜ್ವರ ಬರೋ ಮುಂಚೆ ಎಂಟು ಹತ್ತು ದಿನ ಎಲ್ಲೆಲ್ಲಿಗೆ ಹೋಗಿದ್ರಿ?"

"ಎಲ್ಲಿಗೂ ಹೋಗಿಲ್ಲ. ಮನೆ, ತೋಟ ಅಷ್ಟೇ."

"ಕೊಟ್ಟಿಗೆಗೆ ದರಕು ಹೊಸದು ಹಾಕಿದೀರಲ್ಲ. ಯಾರು ತಂದಿದ್ದು?"

ಉತ್ತರವಿಲ್ಲ. ಹೆಂಗಸಿನ ಕಣ್ಣು ಒಮ್ಮೆ ಅಂಗಳದಲ್ಲಿ ನಿಂತ ಖಾಕಿ ಬಟ್ಟೆಯ ಅರಣ್ಯ ಸಿಬ್ಬಂದಿಯ ಕಡೆ ಹೋಗಿ ಬರುತ್ತದೆ. ಆಶಾ ಕಾರ್ಯಕರ್ತೆಗೆ ಅರ್ಥವಾಗಿದೆ. "ಸರ್, ನೀವೊಂದು ಸ್ವಲ್ಪ ಆಚೆ ತೋಟದ ಕಡೆ ಹೋಗಿ ಬರ್ತೀರಾ?" ಅವರು ಏನೂ ಅನ್ನದೆ ಹೋಗುತ್ತಾರೆ. ಆಮೇಲೆ ಮಾತು ಹೊರಬರುತ್ತದೆ: ತಮ್ಮ ಬೆಟ್ಟದ ದರಕು ಸಾಲದೆ ಹಳ್ಳ ದಾಟಿ ರಿಸರ್ವ್ ಕಾಡಿಗೆ ಹೋಗಿದ್ದು, ಜೊತೆಗೆ ಮಗಳೂ ಬಂದಿದ್ದು, ಎರಡು ದಿನ ಹೋಗಿದ್ದು.

ಕಾಯಿಲೆಯ ನಕ್ಷೆಗೆ ಬೇಕಾದ ನಿಜವಾದ ಮಾಹಿತಿ ಸಿಕ್ಕಿದ್ದು ಈ ಕ್ಷಣದಲ್ಲಿ. ಚುಕ್ಕೆಯನ್ನು ಈ ಮನೆಯ ಮೇಲಿಟ್ಟರೆ ಅದು ಜ್ವರ ಮಲಗಿದ ಜಾಗ. ಉಣುಗು ಕಚ್ಚಿದ್ದು ಹಳ್ಳದಾಚೆ, ಒಂದೂವರೆ ಮೈಲಿ ದೂರದಲ್ಲಿ. ಅಥವಾ ಅಲ್ಲಿಂದ ಹೊತ್ತು ತಂದ ದರಕಿನಲ್ಲೇ ಉಣುಗು ಬಂದು, ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗ ಕಚ್ಚಿತೋ! 2011-12ರ ಹಾವಳಿಯ ಅಧ್ಯಯನದಲ್ಲಿ ಕಾಡಿಗೆ ಹೋಗುವುದು, ದನ ನೋಡಿಕೊಳ್ಳುವುದು ಮಾತ್ರವಲ್ಲ, ಮನೆಯಂಗಳದಲ್ಲಿ ಒಣ ಎಲೆ ಒಟ್ಟುವುದೂ ಅಪಾಯದ ಪಟ್ಟಿಯಲ್ಲಿತ್ತು. ಇಲ್ಲಿ ಜಿಪಿಎಸ್ ಏನೂ ಮಾಡಲಾರದು. ಕೇಳುವವರ ಮೇಲೆ ಹೇಳುವವರಿಗೆ ನಂಬಿಕೆ ಇದ್ದರೆ ಚುಕ್ಕೆ ಸರಿಯಾದ ಕಡೆ ಬೀಳುತ್ತದೆ; ದಂಡ ಬೀಳುತ್ತದೆ, ಕಾಡಿಗೆ ಹೋಗುವುದು ತಪ್ಪುತ್ತದೆ ಎಂಬ ಭಯವಿದ್ದರೆ ತಪ್ಪು ಕಡೆ ಬೀಳುತ್ತದೆ. ಕಾಯಿಲೆ ತಡೆಯಲು ಕಾಡಿನ ದಾರಿಗೆ ಬೇಲಿ ಹಾಕಬೇಕು ಎನ್ನುವವರು ಇದನ್ನು ಯೋಚಿಸಬೇಕು. ದರಕಿಲ್ಲದೆ ಈ ಸೀಮೆಯ ತೋಟ ನಡೆಯದು. ಬೇಲಿ ಹಾಕಿದರೆ ಜನ ಹೋಗುವುದು ನಿಲ್ಲುವುದಿಲ್ಲ, ಹೇಳುವುದು ನಿಲ್ಲುತ್ತದೆ.

ಸೊಳ್ಳೆಯ ಕಾಯಿಲೆಯಲ್ಲಿ ಈ ಕಷ್ಟ ಇಷ್ಟಿಲ್ಲ. ಘಟ್ಟ ಇಳಿದು ಮಂಗಳೂರಿಗೆ ಹೋಗಿ ನೋಡಿ. ಅಲ್ಲಿನ ಮಲೇರಿಯಾ ನಗರದ ಮಲೇರಿಯಾ. ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಮೊಟ್ಟೆ ಇಡುವುದು ತಾರಸಿಯ ಟ್ಯಾಂಕಿಯಲ್ಲಿ, ಬಾವಿಯಲ್ಲಿ, ಕಟ್ಟುತ್ತಿರುವ ಕಟ್ಟಡದ ಕಾಂಕ್ರೀಟಿಗೆ ಕಟ್ಟಿ ನಿಲ್ಲಿಸಿದ ನೀರಿನಲ್ಲಿ. ಕಚ್ಚುವುದು ರಾತ್ರಿ, ಮಲಗಿದಲ್ಲಿ. ಆದ್ದರಿಂದ ರೋಗಿಯ ಮನೆಯೋ ಕಟ್ಟಡ ಕಾರ್ಮಿಕರ ಶೆಡ್ಡೋ, ಚುಕ್ಕೆಯನ್ನು ಅಲ್ಲಿಟ್ಟರೆ ಬಹುಪಾಲು ಸರಿಯೇ. 2015ರ ಅಕ್ಟೋಬರಿನಲ್ಲಿ ಅಲ್ಲಿ ಆರೋಗ್ಯ ಕಾರ್ಯಕರ್ತರ ಕೈಗೆ ಟ್ಯಾಬ್ ಬಂತು. ಲ್ಯಾಬಿನಲ್ಲಿ ಮಲೇರಿಯಾ ಪತ್ತೆಯಾದ ಕೂಡಲೇ ಅದರ ಸುದ್ದಿ ಆ ವಾರ್ಡಿನ ಕಾರ್ಯಕರ್ತರಿಗೆ ಹೋಗುತ್ತದೆ. ಅವರು ಮನೆ ಹುಡುಕಿ ನಕ್ಷೆಯಲ್ಲಿ ಗುರುತು ಹಾಕಿ, ಸುತ್ತಲ ನೀರಿನ ತಾಣ ನೋಡಿ, 14 ದಿನದ ಮಾತ್ರೆ ಪೂರ್ತಿ ನುಂಗಿಸಿ ಪ್ರಕರಣ ಮುಗಿಸುತ್ತಾರೆ. ಐದು ವರ್ಷದಲ್ಲಿ ಮಲೇರಿಯಾ ಶೇಕಡಾ 80ಕ್ಕೂ ಹೆಚ್ಚು ಇಳಿಯಿತು. ಟ್ಯಾಬ್ ಒಂದರಿಂದಲೇ ಆಯಿತೆಂದು ಹೇಳಲಾಗದು. ಗುರುತು ಹಾಕಿದ ಮನೆಗೆ ಮರುದಿನವೂ ಒಬ್ಬರು ನಡೆದು ಹೋದದ್ದರಿಂದ ಆಯಿತು.

ಮಲೆನಾಡಿನ ಚುಕ್ಕೆಗೆ ಹಿಂತಿರುಗೋಣ. ಮಾದರಿಗಳು ಶಿವಮೊಗ್ಗದ ವೈರಸ್ ಪ್ರಯೋಗಾಲಯಕ್ಕೆ ಹೋಗಿವೆ. ಮೊದಲೆಲ್ಲ ಮಾದರಿಯನ್ನು ಇಲಿಮರಿಗೆ ಚುಚ್ಚಿ ಅದು ಕಾಯಿಲೆ ಬೀಳುವುದನ್ನು ಕಾಯಬೇಕಿತ್ತು. ಈಗ ಆರ್‌ಟಿಪಿಸಿಆರ್ ಪರೀಕ್ಷೆ ಬೇಗ ಉತ್ತರ ಕೊಡುತ್ತದೆ. ಈ ವೈರಸ್ ಹಗುರವಾಗಿ ಮುಟ್ಟುವಂಥದಲ್ಲ, ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೇ ತಗುಲಿದ ಉದಾಹರಣೆಗಳು ಮೊದಲ ದಶಕಗಳಲ್ಲಿ ಬೇಕಾದಷ್ಟಿವೆ. ಹಾಗಿದ್ದೂ ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಇದು ಹರಡುವುದಿಲ್ಲ. ಜಗಲಿಯಲ್ಲಿ ಮಲಗಿದ ಹೆಂಗಸಿನ ಹತ್ತಿರ ಹೋಗಲು ಹೆದರುತ್ತಿರುವ ನೆರೆಯವರಿಗೆ ಆಶಾ ಕಾರ್ಯಕರ್ತೆ ಇದನ್ನೇ ಮತ್ತೆ ಮತ್ತೆ ಹೇಳುತ್ತಿದ್ದಾರೆ.

ನಕ್ಷೆಯನ್ನು ಈಗ ದೊಡ್ಡದು ಮಾಡಿ, ಪಶ್ಚಿಮ ಘಟ್ಟದ ಉದ್ದಕ್ಕೂ ನೋಡಿ. ದಶಕಗಳ ಕಾಲ ಚುಕ್ಕೆಗಳೆಲ್ಲ ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡ, ಚಿಕ್ಕಮಗಳೂರುಗಳ ಸುತ್ತ. 2012ರ ಕೊನೆಗೆ ಇದ್ದಕ್ಕಿದ್ದಂತೆ ದಕ್ಷಿಣದ ಬಂಡೀಪುರದಲ್ಲಿ ಕಾಣಿಸಿತು; ಸತ್ತ ಮಂಗಗಳನ್ನು ವಿಲೇವಾರಿ ಮಾಡಿದ ಅರಣ್ಯ ಕೆಲಸಗಾರರಿಗೇ ಜ್ವರ ಬಂತು. ಅದರ ಬೆನ್ನಿಗೆ ನೀಲಗಿರಿ, ವಯನಾಡು. 2015ರಲ್ಲಿ ಗೋವಾದ ಸತ್ತರಿ ತಾಲ್ಲೂಕು, 2016ರಲ್ಲಿ ಮಹಾರಾಷ್ಟ್ರದ ದೋಡಾಮಾರ್ಗ. ಕಾಯಿಲೆ ಹೊಸ ಊರಿಗೆ ನಡೆದು ಬಂತೋ, ಅಥವಾ ಮೊದಲೇ ಇದ್ದದ್ದು ಈಗ ಕಣ್ಣಿಗೆ ಬಿತ್ತೋ? ಕಛ್-ಸೌರಾಷ್ಟ್ರದಲ್ಲೂ ಅಂಡಮಾನ್-ನಿಕೋಬಾರಿನಲ್ಲೂ ಜನರ ರಕ್ತದಲ್ಲಿ ಈ ವೈರಸ್ಸಿನ ವಿರುದ್ಧದ ಪ್ರತಿಕಾಯಗಳು ಸಿಕ್ಕಿದ್ದವು ಎಂಬುದನ್ನು ಮುಂದಿಟ್ಟುಕೊಂಡರೆ, 'ಹರಡಿತು' ಎನ್ನುವ ಮೊದಲು ಎರಡು ಸಲ ಯೋಚಿಸಬೇಕು. ಸೊರಬದಲ್ಲಿ ಹುಡುಕಿದವರಿದ್ದರು, ಪ್ರಯೋಗಾಲಯ ಹತ್ತಿರವಿತ್ತು. ಬೇರೆಡೆ ಎಷ್ಟೋ ಜ್ವರಗಳು ಹೆಸರಿಲ್ಲದೆ ಬಂದು ಹೋಗಿರಬಹುದು.

2018ರ ಕೊನೆ, 2019ರ ಮೊದಲ ತಿಂಗಳುಗಳು. ಸಾಗರ ತಾಲ್ಲೂಕಿನ ಅರಳಗೋಡು ಪಂಚಾಯತಿಯಲ್ಲಿ ಒಂದರ ಹಿಂದೊಂದು ಸಾವು. ಲಸಿಕೆ ಕೊಡುತ್ತಿದ್ದದ್ದು ಕಾಯಿಲೆ ಅಥವಾ ಮಂಗನ ಸಾವು ಕಂಡ ಜಾಗದ ಸುತ್ತ 5 ಕಿಲೋಮೀಟರ್ ವೃತ್ತ ಎಳೆದು. ಉಣುಗಿಗೆ ವೃತ್ತ ಗೊತ್ತಿಲ್ಲ. ಲಸಿಕೆಗೂ ಮಿತಿಯಿತ್ತು: 2005ರಿಂದ 2010ರವರೆಗಿನ ಲೆಕ್ಕದಲ್ಲಿ ಎರಡು ಡೋಸಿಗೆ ಶೇಕಡಾ 62ರಷ್ಟು, ಬೂಸ್ಟರ್ ಸೇರಿದರೆ 83ರಷ್ಟು ರಕ್ಷಣೆ, ಮತ್ತೆ ವರ್ಷ ವರ್ಷ ಚುಚ್ಚಿಸಿಕೊಳ್ಳಬೇಕು. ನೋವಿನ ಸೂಜಿ, ಬೂಸ್ಟರಿಗೆ ಬರುವವರು ಕಡಿಮೆ. ಕೊನೆಗೆ 2022ರಲ್ಲಿ ಅದನ್ನೇ ನಿಲ್ಲಿಸಲಾಯಿತು. ಸದ್ಯ ಈ ಕಾಯಿಲೆಗೆ ನಿರ್ದಿಷ್ಟ ಔಷಧಿಯೂ ಇಲ್ಲ. ಜ್ವರ ಹಿಡಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. ಹೀಗಿರುವಾಗ ಎಲ್ಲಿ, ಯಾರಿಗೆ, ಯಾವಾಗ ಎಣ್ಣೆ ಹಂಚಬೇಕು ಎಂದು ಮೊದಲೇ ಹೇಳುವ ನಕ್ಷೆ ಇದ್ದರೆ ಅದು ಜೀವ ಉಳಿಸುವ ಸಾಮಾನು.

ಅಂಥದೊಂದು ನಕ್ಷೆ 2020ರಲ್ಲಿ ಪ್ರಕಟವಾಯಿತು. ಭಾರತದ ಮತ್ತು ಬ್ರಿಟನ್ನಿನ ಸಂಶೋಧಕರು, ಆರೋಗ್ಯ, ಪಶುಪಾಲನೆ, ಅರಣ್ಯ ಇಲಾಖೆಗಳವರ ಜೊತೆ ಕೂತು ಮಾಡಿದ್ದು. ಹಿಂದಿನ ವರ್ಷಗಳ ಪ್ರಕರಣಗಳನ್ನು ಉಪಗ್ರಹದ ಭೂಚಿತ್ರ, ದನಗಳ ಗಣತಿ ಇವುಗಳ ಜೊತೆ ಹೊಂದಿಸಿ ನೋಡಿದರು. ಅಪಾಯ ಹೆಚ್ಚು ಕಂಡದ್ದು ತೇವದ ನಿತ್ಯಹರಿದ್ವರ್ಣ ಕಾಡು ಮತ್ತು ತೋಟಗಳು ಬೆರೆತ, ನಾಟಿ ದನ ಹೆಚ್ಚಿರುವ ನೆಲದಲ್ಲಿ. ಒಣ ಎಲೆಯುದುರು ಕಾಡಿನ ಕಡೆ ಕಡಿಮೆ. ಬೊಶೆಲ್ ಕಾಡಿನಲ್ಲಿ ನಿಂತು ಕಂಡದ್ದು ಐವತ್ತು ವರ್ಷದ ಮೇಲೆ ಅಂಕಿಗಳಲ್ಲಿ ಬಂತು. ಅರಳಗೋಡಿನ ಹಾವಳಿಯನ್ನು ಒರೆಗಲ್ಲಾಗಿಟ್ಟು ಆ ನಕ್ಷೆಯನ್ನು ಪರೀಕ್ಷಿಸಿದರು.

ಇಷ್ಟಾದರೂ ಉಪಗ್ರಹಕ್ಕೆ ಕಾಣದ್ದು ಒಂದಿದೆ. ಯಾವ ಮನೆಯ ದನ ಯಾವ ಬೆಟ್ಟಕ್ಕೆ ಹೋಗುತ್ತದೆ, ಯಾವ ಕೇರಿಯವರು ಯಾವ ಹಳ್ಳ ದಾಟುತ್ತಾರೆ ಎಂಬುದು.

ಮೂರನೇ ದಿನ ಫಲಿತಾಂಶ ಬರುತ್ತದೆ: ಹೆಂಗಸಿಗೂ ಮಂಗಕ್ಕೂ ಪಾಸಿಟಿವ್. ಹೆಂಗಸನ್ನು ಆಸ್ಪತ್ರೆಗೆ ಒಯ್ದಾಗಿದೆ, ಮಗಳ ಮೇಲೆ ಕಣ್ಣಿಟ್ಟಿದ್ದಾರೆ. ಸಂಜೆ ಪಂಚಾಯತಿ ಕಚೇರಿಯ ಮೇಜಿನ ಮೇಲೆ ತಾಲ್ಲೂಕಿನ ನಕ್ಷೆ ಬಿಚ್ಚಿದೆ. ನಿರೀಕ್ಷಕರು ಕೆಂಪು ಪೆನ್ನಿನಲ್ಲಿ ಎರಡು ಚುಕ್ಕೆ ಇಟ್ಟು ವೃತ್ತ ಎಳೆಯುತ್ತಾರೆ. ಆಶಾ ಕಾರ್ಯಕರ್ತೆ ಬಗ್ಗಿ ನೋಡಿ, ಮೂರನೆಯ ಚುಕ್ಕೆಗೆ ಜಾಗ ತೋರಿಸುತ್ತಾರೆ: ಹಳ್ಳದಾಚೆ, ದರಕು ತಂದ ಕಡೆ.

"ಇಲ್ಲಿಗೆ ಇನ್ಯಾರು ಹೋಗ್ತಾರೆ?" ನಿರೀಕ್ಷಕರು ಕೇಳುತ್ತಾರೆ.

ಕೂತಿದ್ದ ರೈತರಲ್ಲಿ ಒಬ್ಬರು ಎದ್ದು ಬಂದು ವೃತ್ತದ ಹೊರಗೆ, ಹಿನ್ನೀರಿನ ಆ ದಡದ ಮೇಲೆ ಬೆರಳಿಡುತ್ತಾರೆ. "ಈ ಕೇರಿಯವರು. ದೋಣಿಯಲ್ಲಿ ಬಂದು ಸೌದೆ ಒಯ್ತಾರೆ. ಅವರ ದನನೂ ಬೇಸಿಗೇಲಿ ಇದೇ ಕಾಡಲ್ಲಿ."

"ಅಲ್ಲಿಗೆ ಎಣ್ಣೆ ಹೋಗಿದ್ಯಾ?"

"ಇಲ್ಲ ಸರ್, ಅದು ಬೇರೆ ಪಂಚಾಯ್ತಿ."

ನಿರೀಕ್ಷಕರು ಪಕ್ಕದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಫೋನ್ ಹಚ್ಚುತ್ತಾರೆ. ಆಶಾ ಕಾರ್ಯಕರ್ತೆ ಆ ಕೇರಿಯ ಮನೆಗಳ ಹೆಸರನ್ನು ರೈತರಿಂದ ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದಾರೆ. ಬೆಳಿಗ್ಗೆಯ ಮೊದಲ ದೋಣಿಗೆ ಎಷ್ಟು ಬಾಟಲಿ ಎಣ್ಣೆ ಬೇಕಾಗುತ್ತದೆ ಎಂದು ಅಂಚಿನಲ್ಲಿ ಕೂಡಿಸುತ್ತಿದ್ದಾರೆ.